ಬಯಲಲ್ಲಿ ಸಿಕ್ಕ ಅಣ್ಣನಿಗೆ ಥ್ಯಾಂಕ್ಸ್

ಚಿತ್ರದುರ್ಗದ ಚಳ್ಳಕೆರೆ ರಸ್ತೆಯ ಬಯಲಲ್ಲಿ ಬೈಕ್ ನಿಲ್ಲಿಸಿ ಬಂದ ಅಣ್ಣ, ಹೆಸರು ಕೇಳಿದರೆ ನಕ್ಕು ಹೊರಟುಬಿಟ್ಟಿರಿ.

ನಮ್ಮದು ರಿಮೋಟಿನಿಂದ ಹಾರಿಸುವ ಫೋಮಿನ ಪುಟ್ಟ ಜೆಟ್ ವಿಮಾನ, ಹೊಟ್ಟೆಯೊಳಗೆ ಡಕ್ಟೆಡ್ ಫ್ಯಾನ್, ಅಂದರೆ ಕೊಳವೆಯೊಳಗೆ ತಿರುಗುವ ಫ್ಯಾನ್. ನೀವು ರೆಕ್ಕೆಯಡಿ ಎರಡು ಬೆರಳು ಕೊಟ್ಟು ಎತ್ತಿದಿರಿ. ಬಾಲ ಮೆಲ್ಲಗೆ ಕೆಳಗಿಳಿಯಿತು, ಅಂದರೆ ಹಿಂಭಾಗ ಭಾರ. "ರೆಕ್ಕೆ ಹಿಂದಕ್ಕೆ ಬಾಗಿದೆ ಅಲ್ವಾ? ಬುಡದಲ್ಲಿ ಅಳೆದರೆ ಸಾಲದು. ರೆಕ್ಕೆಯ ಸರಾಸರಿ ಅಗಲ ತೆಗೆಯಿರಿ, ಅದರ ಮುಂದಿನ ಅಂಚಿನಿಂದ ಸುಮಾರು 25 ಶೇಕಡಾದಲ್ಲಿ ವಿಮಾನದ ತೂಕ ಸಮವಾಗಿ ನಿಲ್ಲಬೇಕು" ಎಂದಿರಿ. ಮೂಗಿಗೆ ಸುಮ್ನೆ ಸೀಸ ತುಂಬಲು ಬಿಡಲಿಲ್ಲ. ಫೋಮ್ ಕೊರೆದು ಬ್ಯಾಟರಿಯನ್ನೇ ಮುಂದಕ್ಕೆ ಸರಿಸಿದಿರಿ. ಭಾರ ಜಾಸ್ತಿಯಾದರೆ ಇಳಿಯುವಾಗ ವೇಗವೂ ಜಾಸ್ತಿ ಬೇಕು. ಇಷ್ಟು ತಾಳ್ಮೆಯಿಂದ ಯಾರು ಹೇಳಿಕೊಡುತ್ತಾರೆ?

ದುರ್ಗದ ಗಾಳಿಗೆ ಎದುರಾಗಿ ಜೆಟ್ ನೆಟ್ಟಗೆ ಏರಿತು, ಮಗಳು ಕುಣಿದಾಡಿದಳು. ತುಂಬಾ ಥ್ಯಾಂಕ್ಸ್ ಅಣ್ಣಾ, ಅವಳ ಕಡೆಯಿಂದಲೂ.