ಹಳೆ ಕಾಗದಗಳನ್ನು ರದ್ದಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಧಾರವಾಡದಲ್ಲಿ ಹಳೆ ಮನೆ ಕೆಡವಿ ಹೊಸದು ಕಟ್ಟೋದು ಜೋರಾಗಿದೆ. ಅಟ್ಟದಿಂದ ಟ್ರಂಕು ಇಳಿಸಿದರೆ ಒಳಗೆ ತಂತಿಗೆ ಸಿಕ್ಕಿಸಿಟ್ಟ ಕಾರ್ಡು, ಇನ್‌ಲ್ಯಾಂಡ್ ಕಾಗದ ಸಿಗುತ್ತವೆ. ಅವು ಸೀದಾ ರದ್ದಿಗೆ ಹೋಗುತ್ತವೆ. ದಯವಿಟ್ಟು ಹಾಗೆ ಮಾಡಬೇಡಿ.

ಹಿಂದಿನವರು ಯಾವುದಕ್ಕೆ ಸಿಟ್ಟಾದರು, ಯಾವುದಕ್ಕೆ ನಾಚಿದರು, ಹೇಗೆ ಅತ್ತರು ಅನ್ನೋದೂ ಇತಿಹಾಸವೇ. ಇದನ್ನು ಅಭ್ಯಾಸ ಮಾಡಬೇಕು ಅಂತ ಫ್ರಾನ್ಸಿನ ಇತಿಹಾಸಕಾರ ಲೂಸಿಯೆನ್ ಫೆವ್ರ್ 1941ರಲ್ಲೇ ಬರೆದಿದ್ದರು. ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಶೋಧನಾ ಸಂಸ್ಥೆಯಲ್ಲಿ 2008ರಲ್ಲಿ ಇದಕ್ಕೆಂದೇ ಒಂದು ಕೇಂದ್ರ ಶುರುವಾಯಿತು. ಅಮೆರಿಕದ ಇತಿಹಾಸಕಾರರಾದ ಪೀಟರ್ ಮತ್ತು ಕ್ಯಾರಲ್ ಸ್ಟರ್ನ್ಸ್ 1985ರಲ್ಲಿ ಹೇಳಿದ್ದು ನನಗೆ ಬಹಳ ಮುಖ್ಯ ಅನಿಸುತ್ತದೆ: ಜನರಿಗೆ ನಿಜವಾಗಿ ಏನನಿಸಿತು ಅನ್ನೋದು ಬೇರೆ, ಹೀಗೇ ಅನಿಸಬೇಕು ಅಂತ ಸಮಾಜ ಹಾಕಿದ ಕಟ್ಟುಪಾಡು ಬೇರೆ.

ನಮ್ಮ ಕಡೆ ಕಾಗದ ತೆಗೆದು ನೋಡಿ. ಗಂಡನ ಮನೆಯಿಂದ ಮಗಳು ಬರೆದಿರುತ್ತಾಳೆ, 'ಇತ್ತಲಾಗೆ ನಾವೆಲ್ಲರೂ ಕ್ಷೇಮ, ನನ್ನ ಚಿಂತಿ ಮಾಡಬ್ಯಾಡ್ರಿ' ಅಂತ. ಆ ಕಾರ್ಡನ್ನು ಮನೆಯಲ್ಲಿ ಯಾರು ಬೇಕಾದರೂ ಓದಬಹುದಿತ್ತು, ತವರಿನಲ್ಲಿ ಅಕ್ಷರ ಬಲ್ಲವರು ಎಲ್ಲರ ಮುಂದೆ ಜೋರಾಗಿ ಓದಿ ಹೇಳುತ್ತಿದ್ದರು, ಇಂಥದ್ದರಲ್ಲಿ ಅವಳು ತನ್ನ ದುಃಖ ಬರೆಯೋದು ಹೇಗೆ? ಹಾಗಾಗಿ 'ಕ್ಷೇಮ' ಅಂತ ಬರೆದಿದ್ದಾಳೆ ಅಂದಮಾತ್ರಕ್ಕೆ ಸುಖವಾಗಿದ್ದಳು ಅಂತ ತಿಳಿಯಬಾರದು. ಕಾಗದ ಯಾರ ಕೈಯಲ್ಲಿ ಬರೆಸಿದ್ದು, ಯಾವ ಹಬ್ಬಕ್ಕೆ ಕರಿ ಅಂತ ಕೇಳಿದ್ದಾಳೆ, ಯಾರ ಹೆಸರು ಬಿಟ್ಟಿದ್ದಾಳೆ, ಇದನ್ನೆಲ್ಲ ನೋಡಬೇಕು.

ಇನ್ನೊಂದು ಮಾತು. ಸಾವಿನ ಸುದ್ದಿ ತಂದ ಕಾಗದವನ್ನು ಓದಿ ಹರಿದು ಹಾಕುವ ರೂಢಿ ಇತ್ತು. ಅರಿಶಿನ ಹಚ್ಚಿದ ಮದುವೆ ಕಾಗದ ಉಳಿಯಿತು, ಅಳುವಿನ ಕಾಗದ ಉಳಿಯಲಿಲ್ಲ. ಬರೀ ಟ್ರಂಕು ನಂಬಿದರೆ ನಮ್ಮ ಅಜ್ಜಿಯರು ಅತ್ತೇ ಇರಲಿಲ್ಲ ಅನ್ನಬೇಕಾಗುತ್ತದೆ! ಆ ಅಳು ಇರೋದು ಹೆಣದ ಮುಂದೆ ಕೂತು ಹೆಣ್ಣುಮಕ್ಕಳು ಹಾಡಿಕೊಂಡು ಅಳುತ್ತಾರಲ್ಲ, ಅದರಲ್ಲಿ. ಸತ್ತವರ ಗುಣ, ತೀರದ ಸಾಲ, ಮೈದುನನ ಮೇಲಿನ ಸಿಟ್ಟು, ಬೇರೆ ಹೊತ್ತಲ್ಲಿ ಬಾಯಿಬಿಡಲಾಗದ್ದೆಲ್ಲ ಅಲ್ಲಿ ಹೊರಗೆ ಬರುತ್ತದೆ. ಹಾಗೆ ಅಳಬಲ್ಲವರು ಈಗ ಕಡಿಮೆ ಆಗುತ್ತಿದ್ದಾರೆ.

ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇದೆ, ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಇದೆ. ಅಲ್ಲಿನ ವಿದ್ಯಾರ್ಥಿಗಳು ಊರೂರಿನ ಹಿರಿಯ ಹೆಣ್ಣುಮಕ್ಕಳನ್ನು ಕೇಳಿ, ಅವರು ಒಪ್ಪಿದರೆ ಮಾತ್ರ, ಈ ಹಾಡುಗಳನ್ನು ರೆಕಾರ್ಡ್ ಮಾಡಲಿ. ಯಾರು ಯಾರಿಗಾಗಿ ಅತ್ತದ್ದು ಅಂತಲೂ ಬರೆದಿಡಲಿ. ಕಾಗದ ಇದ್ದವರು ಕೊಡಲು ಮನಸ್ಸಿಲ್ಲದಿದ್ದರೆ ಫೋಟೊ ತೆಗೆಯಲಿಕ್ಕಾದರೂ ಬಿಡಲಿ.

— ಓದುಗ, ಧಾರವಾಡ