ಸೋಮನಾಥಪುರಕ್ಕೆ ಹೊರಟಿರುವ ನಂಜುಂಡನಿಗೆ

ಪ್ರಿಯ ನಂಜುಂಡ,

ನೆಂಟರನ್ನು ಸೋಮನಾಥಪುರದ ಕೇಶವ ಗುಡಿಗೆ ಕರೆದುಕೊಂಡು ಹೋಗ್ತಿದ್ದೀನಿ, ಏನೇನು ತೋರಿಸಲಿ ಅಂತ ಕೇಳಿದ್ದೆಯಲ್ಲ, ಇಲ್ಲೇ ಬರೆಯುತ್ತೇನೆ. ಹೋಗಬೇಕೆಂದಿರುವ ಬೇರೆಯವರೂ ಓದಿಕೊಳ್ಳಲಿ.

ಮೈಸೂರಿಂದ ಬನ್ನೂರು ಮೇಲೆ ಸುಮಾರು 35 ಕಿ.ಮೀ. ಬೆಳಿಗ್ಗೆ ಬೇಗ ಹೊರಡು. ಚಪ್ಪಲಿ ಹೊರಗೇ ಬಿಡಬೇಕು, ಮಧ್ಯಾಹ್ನವಾದರೆ ಗುಡಿ ನಿಂತಿರುವ ಎತ್ತರದ ಕಟ್ಟೆ, ಅಂದರೆ ಜಗತಿಯ ಕಲ್ಲಿನ ಮೇಲೆ ಕಾಲಿಡಲಾಗದು. ಹೋದ ತಕ್ಷಣ ಒಳಕ್ಕೆ ನುಗ್ಗಬೇಡ. ಗುಡಿ ಪೂರ್ವಾಭಿಮುಖ, ಎಡಕ್ಕೆ ತಿರುಗಿ ಜಗತಿಯ ಮೇಲೇ ಪ್ರದಕ್ಷಿಣೆ ಹಾಕು. ಗೋಡೆಯ ಕಥೆ ಸಾಗುವುದೂ ಆ ಕ್ರಮದಲ್ಲೇ: ದಕ್ಷಿಣದಲ್ಲಿ ರಾಮಾಯಣ, ಹಿಂದೆ ಪಶ್ಚಿಮಕ್ಕೆ ಕೃಷ್ಣನ ಲೀಲೆ, ಉತ್ತರದಲ್ಲಿ ಮಹಾಭಾರತ. ಬಲದಿಂದ ಹೊರಟವರಿಗೆ ಕಥೆ ತಿರುಗುಮುರುಗು. ಪಟ್ಟಿಕೆಗಳನ್ನು, ಅಂದರೆ ಗೋಡೆಯ ಕೆತ್ತನೆಯ ಸಾಲುಗಳನ್ನು, ಕೆಳಗಿಂದ ನೋಡುತ್ತಾ ಬಾ: ಆನೆ, ಕುದುರೆ ಸವಾರರು, ಬಳ್ಳಿ, ಕಥೆ, ಮಕರ, ಹಂಸ.

ದೊಡ್ಡ ಮೂರ್ತಿಗಳ ಪೀಠದಲ್ಲಿ ಶಿಲ್ಪಿಗಳ ಹೆಸರಿವೆ. ಹೆಚ್ಚು ಸಿಗುವುದು ಮಲ್ಲಿತಮ್ಮ. ಮಸಣಿತಮ್ಮ, ಚೌಡೆಯ ಕೂಡ ಇದ್ದಾರೆ. ಮೊಬೈಲ್ ಟಾರ್ಚನ್ನು ನೇರಕ್ಕೆ ಹಿಡಿದರೆ ಅಕ್ಷರ ಕಾಣುವುದೇ ಇಲ್ಲ. ಕಲ್ಲಿನ ಮಗ್ಗುಲಿಂದ ಓರೆಯಾಗಿ ಬೆಳಕು ಬಿಡು, ಗೀರಿನಲ್ಲಿ ನೆರಳು ಕೂತು ಹಳೆಯ ಕನ್ನಡದ ಅಕ್ಷರ ಎದ್ದು ಬರುತ್ತದೆ. ಸೀಮೆಸುಣ್ಣ ಖಂಡಿತ ಬೇಡ. ಮುಟ್ಟುವುದೂ ಬೇಡ. ಇದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುತ್ತದೆ, ಆದರೂ ಕೈಯ ಜಿಡ್ಡು ಹತ್ತಿ ಹತ್ತಿ ಕಪ್ಪಾಗುತ್ತದೆ.

ಒಳಗೆ ಕತ್ತಲು. ಕಣ್ಣು ಒಗ್ಗುವವರೆಗೆ ನಿಂತು ಆಮೇಲೆ ತಲೆಯೆತ್ತು. ಭುವನೇಶ್ವರಿ ಅಂದರೆ ಕೆತ್ತಿದ ಒಳಛಾವಣಿ, ಒಂದರಂತೆ ಇನ್ನೊಂದಿಲ್ಲ, ನಡುವೆ ಬಾಳೆಮೂತಿಯಂತೆ ಇಳಿಬಿದ್ದ ಕಲ್ಲು. ಗರ್ಭಗುಡಿ ಮೂರು. ದಕ್ಷಿಣದಲ್ಲಿ ವೇಣುಗೋಪಾಲ, ಉತ್ತರದಲ್ಲಿ ಜನಾರ್ದನ. ನಡುವಿನ ಕೇಶವನ ಮೂಲ ಮೂರ್ತಿ ಇಲ್ಲ, ಈಗಿರುವುದು ಆಮೇಲೆ ತಂದಿಟ್ಟದ್ದು.

ಇಲ್ಲಿಗೆ ಬಂದಾಗಲೆಲ್ಲ ನನಗೆ ತಳಮಳ. ಹೊಯ್ಸಳ ದೊರೆ ಮೂರನೇ ನರಸಿಂಹನ ದಂಡನಾಯಕ ಸೋಮನಾಥ 1258ರಲ್ಲಿ ಅಗ್ರಹಾರ ಮಾಡಿ, ಭೂಮಿ ಬಿಟ್ಟು ಇದನ್ನು ಕಟ್ಟಿಸಿದ್ದು ನಿತ್ಯ ಪೂಜೆ ನಡೆಯಲಿ ಅಂತ. ಮೂರ್ತಿ ಭಗ್ನವಾಯಿತು, ಪೂಜೆ ನಿಂತಿತು. 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೋ ಪಟ್ಟಿಗೆ ಸೇರಿದಾಗ ನಾನೂ ಹಿಗ್ಗಿದೆ. ಆದರೆ ಬೇಲೂರಿನಲ್ಲಿ ಇವತ್ತಿಗೂ ದೀಪ ಉರಿಯುತ್ತದೆ, ಇಲ್ಲಿಲ್ಲ. ಭಿನ್ನವಾದ ಮೂರ್ತಿಗೆ ಪೂಜೆ ಸಲ್ಲದು ಅನ್ನುವ ಶಾಸ್ತ್ರ ಗೊತ್ತು ಕಣೋ, ಮನಸ್ಸು ಒಪ್ಪುವುದಿಲ್ಲ. ಅಪ್ಪನ ಕೈ ಬಿದ್ದುಹೋದ ಮೇಲೂ ನಾವು ಕೂರಿಸಿ ಉಣಿಸಿದೆವಲ್ಲ. ವೇಣುಗೋಪಾಲನ ಮುಂದೆ ಕೈಮುಗಿಯಲೂ ಆಗದೆ, ಸುಮ್ಮನೆ ನೋಡಿ ಬರಲೂ ಆಗದೆ ನಿಂತುಬಿಡುತ್ತೇನೆ.

ಇಷ್ಟೆಲ್ಲ ಬರೆಯಬೇಕು ಅಂತಿರಲಿಲ್ಲ, ಬಿಡು. ವೇಣುಗೋಪಾಲನ ಕಾಲಬಳಿ ಕತ್ತೆತ್ತಿ ಕೊಳಲು ಕೇಳುತ್ತಿರುವ ಹಸುಗಳನ್ನು ಮಕ್ಕಳಿಗೆ ತಪ್ಪದೆ ತೋರಿಸು. ವಾಪಸ್ ಬರುತ್ತಾ ಊಟಕ್ಕೆ ಬನ್ನೂರಲ್ಲೇ ನಿಲ್ಲಿಸು. ಎಂಟನೇ ಮುದ್ದೆಯ ಪಂದ್ಯ ಮಾತ್ರ ನೆಂಟರ ಮುಂದೆ ಬೇಡ.

ನಿನ್ನ,
ಸೀನ