ಹಳೇ ಪಿ.ಬಿ. ರಸ್ತೆಯನ್ನು ಅಡ್ಡಕ್ಕೂ ನೋಡಿ

ಮಾನ್ಯರೇ,

ದಾವಣಗೆರೆಯ ಹಳೇ ಪಿ.ಬಿ. (ಪುಣೆ–ಬೆಂಗಳೂರು) ರಸ್ತೆಯ ಹೆಸರಿನಲ್ಲಿ ಪುಣೆಯೂ ಬೆಂಗಳೂರೂ ಉಳಿದಿವೆ. ಆದರೆ ದೂರದ ಲಾರಿಗಳಿಗೆ ಈಗ ಇದರ ಹಂಗಿಲ್ಲ, ಅವು ಊರ ಹೊರಗೇ ಹೆದ್ದಾರಿ 48ರಲ್ಲಿ (ಹಿಂದಿನ 4) ಹೋಗುತ್ತವೆ. ಈ ರಸ್ತೆಗೆ ಉಳಿದಿರುವುದು ಊರೊಳಗಿನ ಕೆಲಸ. ರೈಲು ಹಳಿಯೂ ಸರಿಸುಮಾರು ಇದರ ಜೊತೆಗೇ ಸಾಗುತ್ತದೆ. ಹಳೇ ಊರಿನ ಮಂಡಿಪೇಟೆ, ಚೌಕಿಪೇಟೆಯವರು ಹೊಸ ಊರಿನ ಪಿ.ಜೆ. ಬಡಾವಣೆಗೋ ವಿದ್ಯಾನಗರಕ್ಕೋ ಹೋಗಬೇಕೆಂದರೆ ಎರಡನ್ನೂ ದಾಟಬೇಕು. ಹಳಿ ದಾಟುವ ಜಾಗಗಳೇ ಬೆರಳೆಣಿಕೆಯಷ್ಟು. ಹಾಗಾಗಿ ಹಳೇ ಊರು, ಹೊಸ ಊರಿನ ಓಡಾಟವೆಲ್ಲ ಗಾಂಧಿ ವೃತ್ತದಂಥ ಕೆಲವೇ ಕಡೆ ಬಂದು ಗಂಟು ಬೀಳುತ್ತದೆ.

ಇಂಥ ರಸ್ತೆಗೆ ಹೆದ್ದಾರಿಯ ಲೆಕ್ಕ ಹೊಂದದು. ಡಿವೈಡರ್‌ನ ತೆರಪು ಮುಚ್ಚಿದರೆ ವಾಹನ ಸರಾಗವಾಗಿ ಓಡುತ್ತದೆ, ನಿಜ. ಆದರೆ ಮಂಡಕ್ಕಿ ಮೂಟೆ ಹೇರಿಕೊಂಡ ಬೈಕಿನವನು ಒಂದು ಕಿಲೋಮೀಟರ್ ಸುತ್ತಿ ಬರುವುದಿಲ್ಲ, ಎದುರು ದಿಕ್ಕಿನಲ್ಲೇ ನುಗ್ಗುತ್ತಾನೆ. ತೆರಪು ಮುಚ್ಚುವ ಮುನ್ನ ಜನ ಎಲ್ಲಿ ದಾಟುತ್ತಾರೆಂದು ಬೆಳಿಗ್ಗೆ, ಸಂಜೆ ನಿಂತು ಎಣಿಸಬೇಕು. 14 ಮೀಟರ್ ಅಗಲ ದಾಟಲು ಸೆಕೆಂಡಿಗೆ 1.2 ಮೀಟರ್ ನಡೆಯುವವರಿಗೆ 12 ಸೆಕೆಂಡ್ ಸಾಕು, ಸೆಕೆಂಡಿಗೆ 0.8 ಮೀಟರ್ ನಡೆಯುವ ವಯಸ್ಸಾದವರಿಗೆ 18 ಬೇಕು. ಸಿಗ್ನಲ್‌ನಲ್ಲಿ ಅಷ್ಟು ಕೊಡಲಾಗದಿದ್ದರೆ ನಡುವೆ ನಿಲ್ಲಲು ಕನಿಷ್ಠ 1.2 ಮೀಟರ್ ಅಗಲದ ಜಾಗವನ್ನಾದರೂ ಬಿಡಲಿ.

ಇನ್ನು ಡಾಂಬರು. ಹಳೆಯದರ ಮೇಲೇ ಹೊಸ ಪದರ ಎಳೆಯುವುದು ಎಲ್ಲ ಊರಿನ ಚಾಳಿ. ಒಂದು ಪದರ 40 ಮಿಲಿಮೀಟರ್ ಎಂದರೂ ನಾಲ್ಕು ಸಲಕ್ಕೆ 160. 150 ಮಿಲಿಮೀಟರ್ ಎತ್ತರದ ಪಾದಚಾರಿ ಮಾರ್ಗದ ಅಂಚು ಅಲ್ಲಿಗೆ ಮಾಯ. ಬೈಕುಗಳು ಅದರ ಮೇಲೇರುತ್ತವೆ, ಮಳೆನೀರು ಅಡ್ಡರಸ್ತೆಯ ಅಂಗಡಿಗಳಿಗೆ ನುಗ್ಗುತ್ತದೆ. ಚರಂಡಿಗೆ ನೀರಿಳಿಯುವ ಕಿಂಡಿಗಳೂ ಡಾಂಬರಿನಡಿ ಹೂತುಹೋಗುತ್ತವೆ. ಅಂಚಿನಲ್ಲಿ ನಿಂತ ನೀರು ಜಲ್ಲಿಗೂ ಡಾಂಬರಿಗೂ ಇರುವ ಅಂಟು ಬಿಡಿಸುತ್ತದೆ, ಮೇಲೆ ಬಸ್ಸಿನ ಚಕ್ರ ಒತ್ತುತ್ತದೆ. ಗುಂಡಿ ಹುಟ್ಟುವುದು ಹೀಗೆ. ಅದಕ್ಕೆ ಬರೀ ಜಲ್ಲಿಪುಡಿ ಸುರಿದರೆ ಒಂದು ಮಳೆಗೂ ನಿಲ್ಲದು. ಗುಂಡಿಯನ್ನು ಚೌಕಾಕಾರವಾಗಿ ಗಟ್ಟಿ ಪದರದವರೆಗೆ ಕತ್ತರಿಸಿ, ಒಣಗಿಸಿ, ಬದಿಗಳಿಗೂ ತಳಕ್ಕೂ ಡಾಂಬರು ಬಳಿದು, ಆಮೇಲೆ ಬಿಸಿ ಮಿಶ್ರಣ ತುಂಬಿ ರೋಲರ್ ಓಡಿಸಬೇಕು.

ಹೊಸ ಪದರಕ್ಕೆ ಮೊದಲು ಹಳೆಯದನ್ನು ಅಷ್ಟೇ ದಪ್ಪ ಕೆರೆದು ತೆಗೆಯಲಿ. ನಡುವಿನಿಂದ ಅಂಚಿಗೆ ಶೇ 2.5 ಇಳಿಜಾರು ಇರಲಿ, ಎಂದರೆ 7 ಮೀಟರಿಗೆ 17.5 ಸೆಂಟಿಮೀಟರ್. ಮ್ಯಾನ್‌ಹೋಲ್ ಮುಚ್ಚಳಗಳ ಚೌಕಟ್ಟನ್ನು ಹೊಸ ಮಟ್ಟಕ್ಕೆ ಕೂರಿಸುವ ಕೆಲಸವೂ ಜೊತೆಗೇ ಮುಗಿಯಲಿ. ನಗರ ಬಸ್ಸು, ಆಟೊ ನಿಲ್ಲುವ ಜಾಗ ವೃತ್ತದ ಬಾಯಲ್ಲಿ ಬೇಡ, ದಾಟಿ 50–75 ಮೀಟರ್ ಆಚೆಗಿರಲಿ.

ಮುಂದಿನ ಡಾಂಬರೀಕರಣದ ಅಂದಾಜುಪಟ್ಟಿಯಲ್ಲಿ ಕೆರೆಯುವ ಕೆಲಸಕ್ಕೆ ಪ್ರತ್ಯೇಕ ಬಾಬ್ತು ಇದೆಯೇ ಎಂದು ವಾರ್ಡಿನವರು ಕೇಳಿ ನೋಡಲಿ.

– ಓದುಗರು, ದಾವಣಗೆರೆ